ಆಂಜಿಯೋಗ್ರಾಂ: ಕೊಳವೆಯ ಅಳತೆಯನ್ನೂ ಕೇಳಿ

ಮಾನ್ಯರೇ,

2025ರ ಹೃದಯಾಘಾತದ ಸುದ್ದಿಗಳ ಬಳಿಕ ಹಾಸನದ ಮನೆಮನೆಯಲ್ಲೂ ಆಂಜಿಯೋಗ್ರಾಂ ಮಾತು. ಆದರೆ ರಕ್ತನಾಳದೊಳಗೆ ಹೋಗುವ ಕೊಳವೆ, ಅಂದರೆ ಕ್ಯಾಥೆಟರ್‌ನ ದಪ್ಪವನ್ನು ಯಾರೂ ವಿಚಾರಿಸುವುದಿಲ್ಲ. ಅದನ್ನು ಅಳೆಯುವ ಮಾನ ‘ಫ್ರೆಂಚ್’; ಒಂದು ಫ್ರೆಂಚ್ ಎಂದರೆ ಮಿಲಿಮೀಟರಿನ ಮೂರನೇ ಒಂದು ಭಾಗ. 6 ಫ್ರೆಂಚ್ ಕೊಳವೆ 2 ಮಿ.ಮೀ. ದಪ್ಪ, 5 ಫ್ರೆಂಚ್ ಸುಮಾರು 1.67. ಕೊಳವೆ ತೂರಿಸುವ ಮಣಿಕಟ್ಟಿನ ಧಮನಿ ಸಣ್ಣದಿರುವವರಲ್ಲಿ, ಅದರಲ್ಲೂ ಹೆಂಗಸರಲ್ಲಿ, ಇಷ್ಟು ವ್ಯತ್ಯಾಸವೇ ರಕ್ತನಾಳ ಬಿಗಿದುಕೊಳ್ಳಲು, ಆಮೇಲೆ ಮುಚ್ಚಿಹೋಗಲು ಕಾರಣವಾಗಬಹುದು. ಹಾಗೆಂದು ತೀರಾ ಸಣ್ಣದೂ ಸಲ್ಲದು. 4 ಫ್ರೆಂಚ್‌ನಲ್ಲಿ ಕೈಯಿಂದ ಡೈ (ಎಕ್ಸ್-ರೇಯಲ್ಲಿ ರಕ್ತನಾಳ ಕಾಣಿಸುವ ದ್ರವ) ಒತ್ತಿದರೆ ಹರಿವು ಸಾಲದೆ ದೊಡ್ಡ ಧಮನಿಗಳು ಅರೆಬರೆ ತುಂಬುತ್ತವೆ. ಚಿತ್ರ ಮಸುಕಾಗಿ ಮತ್ತೆ ಡೈ ಹಾಕಬೇಕಾಗುತ್ತದೆ. ಮೂತ್ರಪಿಂಡ ಸೋತಿರುವ ಸಕ್ಕರೆ ಕಾಯಿಲೆಯವರಿಗೆ ಅದೇ ಹೊರೆ. ಬರೀ ಪರೀಕ್ಷೆಗೆ ಬಹುಪಾಲು ರೋಗಿಗಳಿಗೆ 5 ಸಾಕೆಂಬುದು ನಮ್ಮ ಖಚಿತ ಅಭಿಪ್ರಾಯ. ಅಲ್ಲೇ ಸ್ಟೆಂಟ್ ಹಾಕುವುದಾದರೆ ಸಾಮಾನ್ಯವಾಗಿ 6 ಬೇಕು.

ತೊಡೆಯಿಂದ ಕೊಳವೆ ಹಾಕಿ ಮಾಡಿದ್ದರೆ ಕಾಲು ಮಡಿಸದೆ ಕೆಲವು ಗಂಟೆ ಮಲಗಲೇಬೇಕು. ಕೈಯಿಂದಾದರೆ ಬೇಗ ಎದ್ದು ಓಡಾಡಬಹುದು, ಆದರೆ ರಕ್ತ ನಿಲ್ಲಿಸಲು ಮಣಿಕಟ್ಟಿಗೆ ಕಟ್ಟುವ ಪಟ್ಟಿಯನ್ನು ನಾಡಿ ನಿಲ್ಲುವಷ್ಟು ಬಿಗಿದರೆ ಧಮನಿ ಮುಚ್ಚುವ ಅಪಾಯ ಹೆಚ್ಚು. ಬೆರಳು ಮರಗಟ್ಟಿದರೆ, ಬಣ್ಣಗೆಟ್ಟರೆ ನರ್ಸ್‌ಗೆ ತಕ್ಷಣ ಹೇಳಿ. ಸಕಲೇಶಪುರ, ಅರಸೀಕೆರೆ ಕಡೆಗೆ ಬಸ್ಸು ಹತ್ತುವವರು ಆ ಕೈಯಲ್ಲಿ ಚೀಲ ಎತ್ತಬೇಡಿ. ದಾರಿಯಲ್ಲಿ ಮಣಿಕಟ್ಟು ಊದಿ ರಕ್ತ ಬಂದರೆ ಗಾಯದ ಮೇಲೆ ಗಟ್ಟಿಯಾಗಿ ಬೆರಳೊತ್ತಿ ಹಿಡಿದು 108ಕ್ಕೆ ಕರೆ ಮಾಡಿ.

— ಕ್ಯಾಥ್‌ಲ್ಯಾಬ್ ತಂತ್ರಜ್ಞರು, ಹಾಸನ