ಕೆಜಿಎಫ್ ಬಂಗಲೆಗಳಲ್ಲಿ ಊರಿನವರಿಗೇ ಕೆಲಸ ಸಿಗಲಿ

ಮಾನ್ಯರೇ,

ಕಳೆದ ತಿಂಗಳು ನೆಂಟರನ್ನು ಕರೆದುಕೊಂಡು ಕೋಲಾರದ ಚಿನ್ನದ ಗಣಿಯ ಊರಾದ ಕೆಜಿಎಫ್‌ಗೆ ಹೋಗಿದ್ದೆ. ಸಂಜೆ ಸೈನೈಡ್ ದಿಬ್ಬ (ಚಿನ್ನ ತೆಗೆದ ಮೇಲೆ ಉಳಿದ ಗಣಿ ಮಣ್ಣಿನ ಗುಡ್ಡ) ನೋಡಿ, ರಾತ್ರಿ ಅಲ್ಲೇ ಉಳಿಯುವ ಆಸೆ ಇತ್ತು. ವಯಸ್ಸಾದವರು, ಮಕ್ಕಳ ಜೊತೆ ತಂಗಲು ಮನಸ್ಸೊಪ್ಪುವ ರೂಮ್ ಸಿಗಲಿಲ್ಲ. ಕತ್ತಲಲ್ಲೇ ಬೆಂಗಳೂರಿಗೆ ವಾಪಸ್ ಬಂದೆವು.

ಬ್ರಿಟಿಷರ ಜಾನ್ ಟೇಲರ್ ಕಂಪನಿ ಗಣಿಗೆ ಕೈ ಹಾಕಿದ ಮೇಲೆ ಬೆಳೆದ ಊರಿದು. 1902ರಲ್ಲೇ ಶಿವನಸಮುದ್ರದಿಂದ ಇಲ್ಲಿಗೆ ಕರೆಂಟ್ ಬಂದಿತ್ತು. 2001ರ ಫೆಬ್ರುವರಿ 28ಕ್ಕೆ ಗಣಿ ಮುಚ್ಚಿತು. ಈಗ ಇಲ್ಲಿನ ಸಾವಿರಾರು ಜನ ದಿನಾ ಬೆಳಿಗ್ಗೆ ರೈಲು ಹಿಡಿದು ಬೆಂಗಳೂರಿಗೆ ದುಡಿಯಲು ಹೋಗುತ್ತಾರೆ. ಹೋಗಿಬರಲು ಸುಮಾರು ಇನ್ನೂರು ಕಿಲೋಮೀಟರ್. ಮನೆ ಸೇರುವ ಹೊತ್ತಿಗೆ ಮಕ್ಕಳು ಮಲಗಿರುತ್ತಾರೆ. ಇದು ನನಗೆ ತುಂಬಾ ಸಂಕಟ ಕೊಡುವ ಸಂಗತಿ.

ಗಣಿ ಸಾಹೇಬರ ಕಾಲದ ಬಂಗಲೆಗಳಲ್ಲಿ ಒಂದೆರಡನ್ನಾದರೂ ದುರಸ್ತಿ ಮಾಡಿ ಪ್ರವಾಸಿಗರಿಗೆ ತಂಗಲು ಕೊಡಬಹುದು ಅಲ್ವಾ? ಅಡುಗೆ, ರೂಮ್ ನೋಡಿಕೊಳ್ಳುವುದು, ತೋಟ, ಊರು ತೋರಿಸುವುದು, ಹೀಗೆ ಎಷ್ಟೋ ಕೆಲಸ ಹುಟ್ಟುತ್ತದೆ. ಚಾಂಪಿಯನ್ ರೀಫ್ ಗಣಿ ಮೂರು ಕಿಲೋಮೀಟರಿಗೂ ಜಾಸ್ತಿ ಆಳ. ಅಲ್ಲಿ ಇಳಿದು ಬೆವರು ಸುರಿಸಿದವರ ಬಾಯಿಂದಲೇ ಆ ಕಥೆ ಕೇಳುವುದಕ್ಕೆ ಸಮ ಯಾವುದಿದೆ?

ಆದರೆ ಹೊರಗಿನ ಗುತ್ತಿಗೆದಾರರು ಹೊರಗಿನವರನ್ನೇ ತಂದು ತುಂಬಿಸಬಾರದು. ಗಣಿ ಕುಟುಂಬಗಳ ಹುಡುಗ ಹುಡುಗಿಯರಿಗೆ ತರಬೇತಿ ಕೊಟ್ಟು, ಮೊದಲು ಅವರಿಗೇ ಕೆಲಸ ಕೊಡಬೇಕು. ಬಂಗಲೆಯಷ್ಟೇ ಅಲ್ಲ, ಕಾರ್ಮಿಕರ ಪುಟ್ಟ ಲೈನ್ ಮನೆಗಳನ್ನೂ ಬಂದವರಿಗೆ ತೋರಿಸಬೇಕು. ಪ್ರವಾಸೋದ್ಯಮ ಇಲಾಖೆ ದಯವಿಟ್ಟು ಈ ಕಡೆ ಗಮನ ಕೊಡಲಿ.

– ಒಬ್ಬ ಓದುಗ, ಬೆಂಗಳೂರು