ಹೊಗೆ ಇಲ್ಲದ ವಿಮಾನ ಬರ್ಲಿ, ಆದ್ರೆ ನಮ್ಮ ಮಳೆಗಾಲದಲ್ಲಿ ಪರೀಕ್ಷೆ ಆಗಿ ಬರ್ಲಿ

ಮಾನ್ಯ ಸಂಪಾದಕರೇ,

ಕರೆಂಟ್ ವಿಮಾನ, ಹೈಡ್ರೋಜನ್ ವಿಮಾನ, ಏರ್ ಟ್ಯಾಕ್ಸಿ ಅಂತ ಈಗೀಗ ಪೇಪರಲ್ಲಿ ತುಂಬಾ ಸುದ್ದಿ ಬರ್ತಿದೆ, ಯಾವಾಗ ಶುರು, ಟಿಕೆಟ್ ಎಷ್ಟು ಅಂತೆಲ್ಲ ಬರೀತಾರೆ, ಆದ್ರೆ ಅದು ಜನ ಕೂತು ಹಾರೋಕೆ ಯೋಗ್ಯ ಅಂತ ಸರ್ಟಿಫಿಕೇಟ್ ಕೊಡೋರು ಏನೇನು ನೋಡಿ ಕೊಡ್ತಾರೆ ಅನ್ನೋ ಚರ್ಚೆ ಕಾಣಲ್ಲ.

ನಾನು ಈ ವಿಮಾನಗಳಿಗೆ ವಿರೋಧಿ ಅಲ್ಲವೇ ಅಲ್ಲ. ನಾವು ಕಾಫಿ ಬೆಳೆಯೋರು, ಹೂ ಅರಳಿಸೋ ಹೂಮಳೆ, ಆಮೇಲೆ ಕಾಯಿ ಕಚ್ಚೋಕೆ ಬೇಕಾದ ಬ್ಯಾಕಿಂಗ್ ಮಳೆ ಹೊತ್ತಿಗೆ ಬರದಿದ್ರೆ ಏನಾಗುತ್ತೆ, 2018ರ ಆಗಸ್ಟಲ್ಲಿ ಕೊಡಗಲ್ಲಿ ಸುರಿದಂಗೆ ಸುರಿದ್ರೆ ಏನಾಗುತ್ತೆ ಎರಡೂ ಕಂಡಿದ್ದೀವಿ. ಹವಾಮಾನ ಕೆಡಿಸೋ ಇಂಗಾಲದ ಡೈಆಕ್ಸೈಡಲ್ಲಿ, ಜಗತ್ತಿನ ಜನ ಹೊರಗೆ ಬಿಡೋದ್ರಲ್ಲಿ ಶೇ 2.5ರಷ್ಟು ವಿಮಾನಗಳದ್ದು, ಅದು ಇಳೀಲೇಬೇಕು. ಆದ್ರೆ ಅವಸರದಲ್ಲಿ ಪರೀಕ್ಷೆ ಸಡಿಲ ಮಾಡಿದ್ರೆ ಒಂದೇ ಒಂದು ಅಪಘಾತ ಸಾಕು, ಜನ ಇಪ್ಪತ್ತು ವರ್ಷ ಈ ತಂತ್ರಜ್ಞಾನದ ಹತ್ರನೂ ಬರಲ್ಲ.

2013ರ ಜನವರಿಲಿ ಆಗಿದ್ದು ನೋಡಿ. ಬೋಯಿಂಗ್ 787 ಆಗಿನ್ನೂ ಹೊಸದು. ಅದರ ಲಿಥಿಯಂ ಅಯಾನ್ ಬ್ಯಾಟರಿಲಿ ಹೊಗೆ ಬರೋದು ಒಂದು ಕೋಟಿ ಗಂಟೆ ಹಾರಾಟಕ್ಕೆ ಒಂದು ಸಲಕ್ಕಿಂತ ಕಮ್ಮಿ ಅಂತ ಕಂಪನಿ ಲೆಕ್ಕ ಕೊಟ್ಟಿತ್ತು. ಆದ್ರೆ ಇದ್ದಬದ್ದ 787ಗಳೆಲ್ಲ ಸೇರಿ ಒಂದು ಲಕ್ಷ ಗಂಟೆನೂ ಹಾರಿರ್ಲಿಲ್ಲ, ಅಷ್ಟರಲ್ಲೇ ಬೋಸ್ಟನ್‌ನಲ್ಲಿ ನಿಂತಿದ್ದ ವಿಮಾನದ ಬ್ಯಾಟರಿಗೆ ಬೆಂಕಿ ಬಿತ್ತು, ಒಂಬತ್ತು ದಿನ ಬಿಟ್ಟು ಜಪಾನಲ್ಲಿ ಇನ್ನೊಂದು ತುರ್ತಾಗಿ ಇಳೀತು, ಏರ್ ಇಂಡಿಯಾದ್ದೂ ಸೇರಿ ಎಲ್ಲಾ 787 ತಿಂಗಳುಗಟ್ಟಲೆ ನೆಲದಲ್ಲೇ ನಿಂತ್ವು. ಬ್ಯಾಟರಿ ಒಳಗಿನ ಒಂದು ಸೆಲ್ ಶಾರ್ಟ್ ಆದ್ರೆ ಆ ಬಿಸಿ ಪಕ್ಕದ ಸೆಲ್‌ಗಳಿಗೂ ಹರಡುತ್ತೆ ಅನ್ನೋದನ್ನೇ ಸರ್ಟಿಫಿಕೇಟ್ ಹೊತ್ತಲ್ಲಿ ಸರಿಯಾಗಿ ಲೆಕ್ಕಕ್ಕೆ ತಗೊಂಡಿರ್ಲಿಲ್ಲ ಅಂತ ತನಿಖೆಲಿ ಬಂತು. ಅದು ವಿಮಾನವನ್ನ ಹಾರಿಸೋ ಬ್ಯಾಟರಿ ಕೂಡ ಅಲ್ಲ! ಇನ್ನು ಹಾರಾಟಕ್ಕೇ ಬ್ಯಾಟರಿ ನಂಬ್ಕೊಂಡ ವಿಮಾನಕ್ಕೆ ಎಷ್ಟು ಪರೀಕ್ಷೆ ಬೇಕು ಯೋಚನೆ ಮಾಡಿ.

ಬೋಯಿಂಗ್ ಕಂಪನಿಯ 737 ಮ್ಯಾಕ್ಸ್ ಕಥೆ ಎಲ್ಲರಿಗೂ ಗೊತ್ತು, ಎರಡು ಅಪಘಾತದಲ್ಲಿ 346 ಜೀವ ಹೋಯ್ತು, ಪರಿಶೀಲನೆ ಕೆಲಸದ ಎಷ್ಟೋ ಭಾಗವನ್ನ ಆ ಕಂಪನಿಯ ನೌಕರರ ಕೈಗೇ ಬಿಟ್ಟಿದ್ರು.

ಸರಿಯಾದ ದಾರಿನೂ ಇದೆ. ಯುರೋಪಿನಲ್ಲಿ ವಿಮಾನ ಸುರಕ್ಷತೆ ನೋಡ್ಕೊಳ್ಳೋ ಈಸಾ ಸಂಸ್ಥೆ 2020ರ ಜೂನಲ್ಲಿ ಮೊದಲ ಪೂರ್ತಿ ಎಲೆಕ್ಟ್ರಿಕ್ ವಿಮಾನಕ್ಕೆ ಸರ್ಟಿಫಿಕೇಟ್ ಕೊಡ್ತು, ಪಿಪಿಸ್ಟ್ರೆಲ್ ವೆಲಿಸ್ ಎಲೆಕ್ಟ್ರೋ ಅಂತ, ಎರಡೇ ಸೀಟು, ಪೈಲಟ್ ಟ್ರೈನಿಂಗಿಗೆ, ಸುಮಾರು 50 ನಿಮಿಷ ಹಾರುತ್ತೆ ಅಷ್ಟೇ. ಚಿಕ್ಕದರಿಂದ ಶುರು ಮಾಡಿ ಕಲೀತಾ ದೊಡ್ಡದಕ್ಕೆ ಹೋಗೋದು ಇದು. ಊರ ಮೇಲೆ ಪ್ರಯಾಣಿಕರನ್ನ ಕರ್ಕೊಂಡು ಹೋಗೋ ಏರ್ ಟ್ಯಾಕ್ಸಿಗೆ ಅವರೇ ಇಟ್ಟಿರೋ ಅಳತೆ, ದುರಂತ ಆಗೋವಂಥ ಲೋಪ ನೂರು ಕೋಟಿ ಗಂಟೆ ಹಾರಾಟಕ್ಕೆ ಒಂದಕ್ಕಿಂತ ಹೆಚ್ಚಾಗಬಾರದು ಅಂತ. ದೊಡ್ಡ ವಿಮಾನಕ್ಕೆ ಇರೋ ಅಳತೆನೇ.

ಆದ್ರೆ ಯುರೋಪಿನ ಕಾಗದ ನೋಡಿ ನಾವು ಸೀಲ್ ಹೊಡೆದ್ರೆ ಸಾಲದು ಅನ್ನೋದೇ ನನ್ನ ಮಾತು. ಕೊಡಗಲ್ಲಿ ಏರ್‌ಪೋರ್ಟ್ ಇಲ್ಲ, ನಾವು ಹೋಗೋದು ಮಂಗಳೂರು ಇಲ್ಲಾ ಕಣ್ಣೂರಿಗೆ. ಮಂಗಳೂರಿನದ್ದು ಗುಡ್ಡದ ಮೇಲಿನ ರನ್‌ವೇ, 2010ರಲ್ಲಿ 158 ಜನ ಸತ್ತ ಜಾಗ. ಮಳೆಗಾಲದಲ್ಲಿ ಮೋಡ ಕವಿದು ಇಳಿಯೋಕಾಗದೆ ವಿಮಾನ ಬೇರೆ ಊರಿಗೆ ತಿರುಗೋದು ಗಲ್ಫಿಗೆ ಹೋಗಿಬರೋ ನಮ್ಮೋರಿಗೆ ಗೊತ್ತಿರೋ ವಿಷ್ಯನೇ. ಸೀಮೆಎಣ್ಣೆ ಜಾತಿಯ ಇಂಧನದಲ್ಲಿ ಹಾರೋ ವಿಮಾನ ಹಂಗೆ ತಿರುಗೋಕೆ ಅಂತ್ಲೇ ಹೆಚ್ಚಿಗೆ ಇಂಧನ ಇಟ್ಕೊಂಡಿರುತ್ತೆ. ತೂಕಕ್ಕೆ ತೂಕ ಹಾಕಿದ್ರೆ ಬ್ಯಾಟರಿಲಿ ಹಿಡಿಯೋ ಶಕ್ತಿ ಆ ಇಂಧನದ ನಲವತ್ತನೇ ಒಂದು ಭಾಗದಷ್ಟು ಕೂಡ ಇಲ್ಲ, ಹಾಗಾದ್ರೆ ಕರೆಂಟ್ ವಿಮಾನ ಎಷ್ಟು ಚಾರ್ಜ್ ಉಳಿಸ್ಕೊಂಡು ಬರ್ಬೇಕು? ಬ್ಯಾಟರಿ ಹಳೇದಾದ್ಮೇಲೆ ಲೆಕ್ಕ ಎಷ್ಟು? ಹೈಡ್ರೋಜನ್ ದ್ರವವಾಗಿರೋಕೆ ಮೈನಸ್ 253 ಡಿಗ್ರಿ ಬೇಕು, ನಮ್ಮ ಕರಾವಳಿ ಸೆಕೆಲಿ ಅದರ ಟ್ಯಾಂಕು, ಪೈಪು, ವಾಲ್ವ್ ವರ್ಷಾನುಗಟ್ಟಲೆ ತಡೆಯುತ್ತಾ?

ಇವೆಲ್ಲ ಆಗೋವರೆಗೆ ಈಗಿನ ಇಂಜಿನಲ್ಲೇ ಬೆರೆಸಿ ಹಾಕಬಹುದಾದ ಜೈವಿಕ ಇಂಧನ ಇದ್ದೇ ಇದೆ, 2018ರಲ್ಲೇ ಡೆಹ್ರಾಡೂನಿಂದ ದೆಹಲಿಗೆ ಜತ್ರೋಫಾ ಅನ್ನೋ ಗಿಡದ ಬೀಜದ ಎಣ್ಣೆಯ ಇಂಧನ ಬೆರೆಸಿ ವಿಮಾನ ಹಾರಿಸಿದ್ರು, ಅದನ್ನ ಜೋರು ಮಾಡ್ಲಿ.

ನಮ್ಮ ದೇಶದಲ್ಲಿ ವಿಮಾನಗಳಿಗೆ ಸರ್ಟಿಫಿಕೇಟ್ ಕೊಡೋ ಡಿಜಿಸಿಎ ಅವರಲ್ಲಿ ನನ್ನ ಮನವಿ ಇಷ್ಟೇ. ಬ್ಯಾಟರಿ, ಹೈಡ್ರೋಜನ್ ಗೊತ್ತಿರೋ ಇಂಜಿನಿಯರುಗಳನ್ನ ಈಗಲೇ ತಗೊಳ್ಳಿ, ಬೆಂಗಳೂರಲ್ಲಿ ವಿಮಾನ ಸಂಶೋಧನೆ ಮಾಡೋ ಎನ್ಎಎಲ್ ಸಂಸ್ಥೆ ಇದೆ, ಅವರ ಸಹಾಯ ತಗೊಳ್ಳಿ, ಪರೀಕ್ಷೆಯ ಫಲಿತಾಂಶ ಜನ ಓದೋ ಹಾಗೆ ಹೊರಗೆ ಹಾಕಿ. ಮತ್ತೆ ಆ ಪರೀಕ್ಷಾ ಹಾರಾಟಗಳಲ್ಲಿ ಕೆಲವನ್ನಾದ್ರೂ ಜುಲೈ ತಿಂಗಳಲ್ಲಿ ಮಂಗಳೂರಲ್ಲಿ ಮಾಡಿ.

ಇಂತಿ,
ಒಬ್ಬ ಕಾಫಿ ಬೆಳೆಗಾರ,
ಸೋಮವಾರಪೇಟೆ, ಕೊಡಗು