ಕಚ್ಚಿಕೊಂಡ ಕಾಟರ್ ಪಿನ್ನು

ಮಡಿಕೇರಿ

ಪ್ರೀತಿಯ ಪುಟ್ಟುವಿಗೆ ದೊಡ್ಡಪ್ಪನ ಆಶೀರ್ವಾದ.

ಸೌದೆ ಕೊಟ್ಟಿಗೆಯಲ್ಲಿದ್ದ ಅಜ್ಜನ ಸೈಕಲ್ಲನ್ನು ಬಿಚ್ಚಲು ಹೊರಟಿದ್ದೀಯಂತೆ. ನಮ್ಮ ಮಳೆಗೆ ಕಬ್ಬಿಣ ಕಚ್ಚಿಕೊಳ್ಳದಿದ್ದರೇ ಆಶ್ಚರ್ಯ. ತುಕ್ಕು ಕಬ್ಬಿಣಕ್ಕಿಂತ ಹೆಚ್ಚು ಜಾಗ ಬೇಡುತ್ತದೆ. ಸಂದಿಯಲ್ಲೇ ಊದಿಕೊಂಡು ಬಿಗಿಯುತ್ತದೆ. ಮೊದಲು ತಂತಿ ಬ್ರಷ್ಷಿನಿಂದ ತಿಕ್ಕು, ಆಮೇಲೆ ತುಕ್ಕು ಬಿಡಿಸುವ ತೆಳು ಎಣ್ಣೆಯನ್ನು ಬೆಳಿಗ್ಗೆ ಸಂಜೆ ನಾಲ್ಕು ಹನಿಯಂತೆ 3 ದಿನ ಬಿಡು. ಗ್ರೀಸು ದಪ್ಪ, ಒಳಗೆ ಇಳಿಯುವುದಿಲ್ಲ.

ನಿನ್ನನ್ನು ಕಾಡುವುದು ಕಾಟರ್ ಪಿನ್ನು, ಅಂದರೆ ಕ್ರ್ಯಾಂಕನ್ನು (ಪೆಡಲ್ ಕೂರುವ ತೋಳನ್ನು) ನಡುವಿನ ಅಚ್ಚಿಗೆ ಬಿಗಿಯುವ ಬೆಣೆಯಂಥ ಪಿನ್ನು. ನಟ್ಟನ್ನು ಪೂರ್ತಿ ತೆಗೆಯಬೇಡ, ಪಿನ್ನಿನ ತುದಿಗೆ ಸಮನಾಗುವಷ್ಟು ಸಡಿಲಿಸು. ಇಲ್ಲದಿದ್ದರೆ ಏಟಿಗೆ ಪಿನ್ನಿನ ಮರೆ, ಅಂದರೆ ನಟ್ಟು ಕೂರುವ ತಿರುಪಿನ ಗೆರೆ, ಚಪ್ಪಟೆಯಾಗುತ್ತದೆ. ಕ್ರ್ಯಾಂಕಿನ ಕೆಳಗೆ, ಪಿನ್ನಿನ ದಪ್ಪ ತಲೆ ಒಳಗೆ ಇಳಿಯುವಂಥ ಕಬ್ಬಿಣದ ಪೈಪು ತುಂಡೊಂದನ್ನು ನೆಲದಿಂದ ಆನಿಸಿ ನಿಲ್ಲಿಸು. ಈ ಆಸರೆ ತಪ್ಪಿದರೆ ಏಟೆಲ್ಲ ಬೇರಿಂಗ್ ಗುಂಡುಗಳಿಗೆ ಹೋಗಿ, ಅವು ಕೂರುವ ಬಟ್ಟಲಿನಂಥ ಕಪ್ಪಿನಲ್ಲಿ ಗುಳಿ ಬೀಳುತ್ತದೆ. ಆಮೇಲೆ ಭಾರದ ಸುತ್ತಿಗೆಯಿಂದ ನೇರವಾಗಿ ಒಂದೇ ಗಟ್ಟಿ ಏಟು. ಟಕ್ ಟಕ್ ಅಂತ ಇಪ್ಪತ್ತು ಸಲ ಹೊಡೆದರೆ ಪಿನ್ನು ಬಾಗುತ್ತದೆಯೇ ಹೊರತು ಕದಲುವುದಿಲ್ಲ, ಮಾರಾಯ. ಬಾಗಿತೋ, ಡ್ರಿಲ್ಲೇ ಗತಿ. ಬೆಂಕಿ ತೋರಿಸುವ ಯೋಚನೆ ಇದ್ದರೆ ಎಣ್ಣೆಯನ್ನು ಪೂರ್ತಿ ಒರೆಸಿದ ಮೇಲೆ ಮಾತ್ರ, ಅದೂ ಸೌದೆ ಕೊಟ್ಟಿಗೆಯಿಂದ ಆಚೆ.

ಪೆಡಲ್ಲಿನಲ್ಲಿ ಬಲ ಪ್ರಯೋಗಿಸುವ ಮೊದಲು ದಿಕ್ಕು ನೋಡು. ಎಡಗಡೆಯದು ಉಲ್ಟಾ ಮರೆ, ಬಲಕ್ಕೆ ತಿರುಗಿಸಿದರೆ ಬಿಚ್ಚುವಂಥದ್ದು. ಸ್ಪ್ಯಾನರಿನ ಹಿಡಿಯನ್ನು ಮೇಲಕ್ಕಿಟ್ಟು ಹಿಂದಿನ ಚಕ್ರದ ಕಡೆಗೆ ಎಳೆದರೆ ಎರಡೂ ಪೆಡಲ್ ಬಿಚ್ಚುತ್ತವೆ. ಇಂಥ ಹಳೇ ಸೈಕಲ್ಲುಗಳಲ್ಲಿ ಸಾಮಾನ್ಯವಾಗಿ ಚೈನ್ ಪಕ್ಕದ ಬೇರಿಂಗ್ ಕಪ್ಪೂ ಉಲ್ಟಾ ಮರೆಯದೇ. ಅದು ಸವೆದಿಲ್ಲದಿದ್ದರೆ ಮುಟ್ಟಲೇಬೇಡ, ಅಲ್ಲೇ ಒರೆಸಿ ಹೊಸ ಗ್ರೀಸು ತುಂಬು.

ಸೀಟಿನ ಕಂಬವನ್ನು ಮೇಲಕ್ಕೆ ಎಳೆಯುವುದಲ್ಲ, ಎಡಕ್ಕೂ ಬಲಕ್ಕೂ ತಿರುಚಬೇಕು. ಯಾರಾದರೂ ಅಲ್ಯೂಮಿನಿಯಂ ಕಂಬ ಹಾಕಿದ್ದರೆ ಬಿಸಿ ಮಾಡಬೇಡ. ಅದು ಸ್ಟೀಲಿಗಿಂತ ಸುಮಾರು 2 ಪಟ್ಟು ಹಿಗ್ಗಿ ಇನ್ನೂ ಬಿಗಿಯುತ್ತದೆ. ಕಂಬಕ್ಕೆ ಮಂಜುಗಡ್ಡೆ ಒತ್ತಿಟ್ಟು ತಿರುಚು.

ಹ್ಯಾಂಡಲ್ಲಿಗೆ ಇಷ್ಟೇ: ಮೇಲಿನ ಬೋಲ್ಟನ್ನು 3 ಸುತ್ತು ಸಡಿಲಿಸಿ, ಅದರ ಮೇಲೆ ಮರದ ತುಂಡಿಟ್ಟು ಕೆಳಕ್ಕೆ ಕುಟ್ಟು. ಒಳಗಿನ ಬೆಣೆ ಬಿಡುತ್ತದೆ.

ಕಾಟರ್ ಪಿನ್ನು ಹೊಸದನ್ನೇ ತಗೋ, ಹಳೆಯದನ್ನು ಅಂಗಡಿಗೆ ಒಯ್ದು ದಪ್ಪ ಹೊಂದಿಸಿ ನೋಡು. ಎರಡು ಕಡೆಯ ಪಿನ್ನುಗಳಲ್ಲಿ ಒಂದರ ನಟ್ಟು ಮೇಲಿದ್ದರೆ ಇನ್ನೊಂದರದು ಕೆಳಗಿರಬೇಕು. ಇಲ್ಲದಿದ್ದರೆ ಪೆಡಲ್‌ಗಳು ನೇರಕ್ಕೆ ಬಾರವು. ಕುಶಾಲನಗರಕ್ಕೊಂದು ಸಲ ಹೋಗಿ ಬಂದ ಮೇಲೆ ಪಿನ್ನಿಗೆ ಒಂದೇಟು ಹಾಕಿ ನಟ್ಟನ್ನು ಮತ್ತೆ ಬಿಗಿ ಮಾಡು.

ಇತಿ,
ನಿನ್ನ ದೊಡ್ಡಪ್ಪ